ಮಾನಪ್ಪನ ಬಿಲ್ಲೆ

ಕಪಾಟಿನಿಂದ ಎಳೆದು ಮೇಜಿನ ಮೇಲೆ ಇಟ್ಟ ಕೂಡಲೇ ಪುಸ್ತಕ ಎಂದಿನಂತೆ ಅದೇ ಪುಟಕ್ಕೆ ಬಿಚ್ಚಿಕೊಂಡಿತು. ಬೇರೆ ಯಾವ ಪುಟಕ್ಕೂ ಅದು ಹೀಗೆ ತಾನಾಗಿ ತೆರೆದುಕೊಳ್ಳುವುದಿಲ್ಲ. ಸಿದ್ದಾರೂಢನ ಬೆರಳುಗಳೇ ಅದರ ಬೆನ್ನನ್ನು ಅಲ್ಲಿಗೆ ಪಳಗಿಸಿದ್ದವು. ಸೊಲ್ಲಾಪುರದ ಮೇಲಿನ ಮರಾಠಿ ಪುಸ್ತಕ. ಗಿರಣಿಗಳು, ಗಿರಣಿಯ ಭೋಂಗಾ ಕೂಗಿದರೆ ಏಳುವ ಚಾಳುಗಳು, ಕುಸ್ತಿಯ ಗರಡಿಗಳು, ಖಾನಾವಳಿಗಳು, ಭಜನೆಯ ಮೇಳಗಳು, ಮುಷ್ಕರಗಳು, ಕೊನೆಗೆ ಗೇಟಿಗೆ ಬಿದ್ದ ಬೀಗ, ಒಂದು ಊರಿನ ಹಿಂದುಮುಂದನ್ನೆಲ್ಲ ರಟ್ಟಿನ ನಡುವೆ ಕೂಡಿಸಿಟ್ಟ ದಪ್ಪ ಪುಸ್ತಕ. ಎಡಗಡೆಯ ಪುಟದಲ್ಲಿ ಫೋಟೋ. ಗಿರಣಿಯ ಗೇಟಿನ ಮುಂದೆ, ಜನರ ನಡುವೆ, ತಲೆಗೆ ಟವೆಲು ಸುತ್ತಿಕೊಂಡ ಮನುಷ್ಯನೊಬ್ಬ ಕೈ ಎತ್ತಿ ಬಾಯಿ ತೆರೆದು ನಿಂತಿದ್ದಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ: ಮುಷ್ಕರದ ವೇಳೆ ತನ್ನದೇ ಪದ ಹಾಡುತ್ತಿರುವ ಮಗ್ಗಖಾತೆಯ ಕಾರ್ಮಿಕ ಮಾನಪ್ಪ, ಊರು ಕನ್ನೊಳ್ಳಿ, ಸಿಂದಗಿ ತಾಲ್ಲೂಕು. ಆ ಮನುಷ್ಯ ಮಾನಪ್ಪನಲ್ಲ. ಅವನು ಸಿದ್ದಾರೂಢನ ಅಪ್ಪ ಅಮಸಿದ್ದ.

ಪುಸ್ತಕ ಸಿಂದಗಿಯ ಗ್ರಂಥಾಲಯಕ್ಕೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಅವನು ಮಾನಪ್ಪ ಎಂಬ ಹೆಸರಿನ ಮೇಲೆ ಪೆನ್ಸಿಲ್ಲಿನಿಂದ ಅಪ್ಪನ ಹೆಸರು ಬರೆದಿದ್ದ. ಪುಸ್ತಕದಲ್ಲಿ ಗೀಚಿದವರಿಗೆ ದಂಡ ಹಾಕುವ ಕೆಲಸ ಅವನದೇ. ಸಂಜೆಯೊಳಗೆ ಹೆದರಿ ರಬ್ಬರಿನಿಂದ ಉಜ್ಜಿದ. ಉಜ್ಜುವಾಗ ಕೈ ಮೇಲಕ್ಕೆ ಜಾರಿ ಅಪ್ಪನ ಗದ್ದ ಮಸುಕಾಯಿತು. ಆ ಮಸುಕು ಇನ್ನೂ ಇದೆ. ಗಿರಣಿ ಮುಚ್ಚಿದ ಮೇಲೆ ಊರು ಸೇರಿದ ಮುದುಕರು ಆಗಾಗ ಬರುತ್ತಾರೆ, ಓದುವುದಕ್ಕಲ್ಲ, ತಮ್ಮ ಚಾಳಿನ ಚಿತ್ರ ಎಲ್ಲಾದರೂ ಇದೆಯೇ ಎಂದು ಹುಡುಕುವುದಕ್ಕೆ. ಅವರ ಕೈಗೆ ಕೊಡುವಾಗ ಸಿದ್ದಾರೂಢನಿಗೆ ಆ ಗದ್ದದ ಮೇಲೆಯೇ ಕಣ್ಣು. ಯಾರೂ ಇದುವರೆಗೆ ಅದರ ಬಗ್ಗೆ ಕೇಳಿಲ್ಲ. ಯಾರೂ ಕೇಳಲಿಲ್ಲ ಎಂಬುದೂ ಅವನಿಗೆ ಒಂದು ಅವಮಾನದ ಹಾಗೆ ಕಾಣುತ್ತಿತ್ತು.

"ತಯಾರಾದಿಯೇನು?" ಎಂದರು ಗ್ರಂಥಪಾಲಕ ಚನ್ನಬಸಯ್ಯನವರು, ಹಣೆಯ ವಿಭೂತಿಯ ಮೇಲಿನ ಬೆವರನ್ನು ಕರವಸ್ತ್ರದಿಂದ ಒತ್ತಿಕೊಳ್ಳುತ್ತ. "ಬಾಯಿಯವರು ಇಂಡಿ ದಾಟ್ಯಾರಂತ, ಫೋನ್ ಬಂದಿತ್ತು. ಕನ್ನೊಳ್ಳಿಗೆ ಕರಕೊಂಡ್ ಹೋಗು, ಆ ಮುದಿಕಿ ಏನ್ ಅಂತಾಳ ಮರಾಠಿಯೊಳಗ ಹೇಳು, ಇವ್ರು ಏನ್ ಕೇಳ್ತಾರ ಆಕಿಗೆ ಹೇಳು. ಅಷ್ಟs. ನಡುವ ನಿಂದೇನೂ ಸೇರಿಸಬ್ಯಾಡ."

"ಇಲ್ರಿ ಅಜ್ಜಾರ."

"ನಿನಗ ಎಲ್ಲಾದ್ರಾಗೂ ಒಂದ್ ವಚನ ತೂರಸೂ ಚಟಾ ಐತಿ, ಅದಕ್ಕ ಹೇಳಿದ್ನಿ."

ಬರುತ್ತಿರುವವರು ಪುಸ್ತಕ ಬರೆದ ಸುನಂದಾಬಾಯಿ. ಎರಡನೆಯ ಸಲ ಅಚ್ಚಿಗೆ ಹೋಗುತ್ತಿದೆಯಂತೆ. ಪದ ಕಟ್ಟಿದ ಕಾರ್ಮಿಕ ಮಾನಪ್ಪನ ಬಗ್ಗೆ ಇನ್ನಷ್ಟು ಬರೆಯಬೇಕು, ಅವನ ಹೆಂಡತಿ ಬದುಕಿದ್ದಾಳೆಂದು ತಿಳಿದಿದೆ, ಕನ್ನಡ ತನಗೆ ಅರ್ಧಮರ್ಧ ಮಾತ್ರ ತಿಳಿಯುತ್ತದೆ, ಜೊತೆಗೆ ಯಾರಾದರೂ ಬೇಕು ಎಂದು ಕೇಳಿದ್ದರು. ಚನ್ನಬಸಯ್ಯನವರು ಒಂದು ಗಳಿಗೆಯೂ ಯೋಚಿಸದೆ ಸಿದ್ದಾರೂಢನನ್ನು ಒಪ್ಪಿಸಿಬಿಟ್ಟಿದ್ದರು. ಬೆಳಿಗ್ಗೆ ರೊಟ್ಟಿ ತಟ್ಟುತ್ತ ಸಿದ್ದಾರೂಢನ ಹೆಂಡತಿ ಹೇಳಿದ್ದಳು: "ಇವತ್ತರೆ ಬಾಯಿ ಬಿಟ್ಟು ಹೇಳ್ರಿ. ಇನ್ನೊಮ್ಮೆ ಅಚ್ಚಾತಂದ್ರ ಮುಗೀತು. ಆಮ್ಯಾಲೆ ಜಲ್ಮತುಂಬ ನನ್ನ ಮುಂದ ಹೇಳಕೋತ ಕುಂದ್ರತೀರಿ, ನಾ ಕೇಳಂಗಿಲ್ಲ ನೋಡ್ರಿ." ಸ್ನಾನ ಮಾಡುವಾಗ, ಲಿಂಗಪೂಜೆಗೆ ಕುಳಿತಾಗ ಕೂಡ, ಅವನ ನಾಲಿಗೆ ಮರಾಠಿಯ ಒಂದೇ ವಾಕ್ಯವನ್ನು ತಿರುಗಿಸುತ್ತಿತ್ತು: ತೇ ಮಾಝೇ ವಡೀಲ. ಅವರು ನಮ್ಮ ತಂದೆ. ಮಂತ್ರದ ನಡುವೆ ಆ ವಾಕ್ಯ ಬಂದದ್ದಕ್ಕೆ ಅವನಿಗೆ ಅಸಹ್ಯವಾಯಿತು. ಮತ್ತೆ ಮೊದಲಿನಿಂದ ಜಪ ಹಿಡಿದ. ಮತ್ತೆ ಅದೇ ಬಂತು.

ಜೀಪು ಬಂದು ನಿಂತಾಗ ಅವನು ಪುಸ್ತಕವನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದ. ಗ್ರಂಥಾಲಯದ ಪ್ರತಿ ಹೊರಗೆ ಹೋಗುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ ಬರೆದವರ ಕಣ್ಣಿಗೆ ಆ ಗದ್ದ ಬೀಳಬಾರದು. ಸುನಂದಾಬಾಯಿ ಐವತ್ತು ದಾಟಿದ, ನರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ, ಮಾತಿಗೆ ಅವಸರವಿಲ್ಲದ ಹೆಂಗಸು. ತೊಡೆಯ ಮೇಲೆ ಅವರದೇ ಪ್ರತಿ ಇತ್ತು. ಓಡಿಸುವವನು ಇಂಡಿಯ ಶಮಶುದ್ದೀನ. ಅವನಿಗೆ ಮರಾಠಿ, ಕನ್ನಡ, ಉರ್ದು ಮೂರೂ ಒಂದೇ ನಾಲಿಗೆಯ ಮೇಲೆ.

"ಬರ್ರಿ ಮಾಸ್ತರ, ಮುಂದ ಕುಂದರ್ರಿ. ಬಾಯಿಯವರು ದಾರಿಯುದ್ದಕ ಮಾನಪ್ಪ ಮಾನಪ್ಪ ಅಂತ ಕೇಳಕೋತ ಬಂದಾರ. ನಾ ಹೇಳಿದ್ನಿ, ಈ ಸೀಮ್ಯಾಗ ಕಲ್ಲು ಒಗದ್ರ ಒಬ್ಬ ಮಾನಪ್ಪಗ ಬೀಳತೈತಿ, ನಿಮ್ಮ ಮಾನಪ್ಪ ಯಾಂವ?"

"ನಾ ಮಾಸ್ತರ ಅಲ್ಲೋ, ಗ್ರಂಥಾಲಯದಾಗ ಅದೇನಿ."

"ಪುಸ್ತಕ ಹಿಡಕೊಂಡಾವ್ರೆಲ್ಲ ನಮಗ ಮಾಸ್ತರ ಆಗಬೇಕ್ರಿ."

ಸುನಂದಾಬಾಯಿ ನಕ್ಕರು. ನಿಮ್ಮ ಊರು ಯಾವುದು ಎಂದು ಮರಾಠಿಯಲ್ಲಿ ಕೇಳಿದರು. ಅವನು ಕನ್ನೊಳ್ಳಿ ಎಂದ. ಹಾಗಾದರೆ ನಿಮಗೆ ಮಾನಪ್ಪ ಗೊತ್ತಿರಬೇಕಲ್ಲ ಎಂದರು. ಸಣ್ಣವನಿದ್ದಾಗ ನೋಡಿದ್ದೆ ಎಂದ. ವಾಕ್ಯ ನಾಲಿಗೆಯ ತುದಿಗೇ ಬಂದು ನಿಂತಿತ್ತು, ಈಗಲೇ ಹೇಳಿಬಿಡಬಹುದಿತ್ತು. ಆದರೆ ಶಮಶುದ್ದೀನ ಅದೇ ಹೊತ್ತಿಗೆ ಎಮ್ಮೆಗಳ ಹಿಂಡಿಗೆ ಹಾರನ್ ಹೊಡೆದ. ಹಾರನ್ ನಿಂತ ಮೇಲೆ ಹೇಳುವುದು ಅಸಂಬದ್ಧವೆನಿಸಿತು. ಕಿಟಕಿಯ ಆಚೆ ಕೊಯ್ದ ಜೋಳದ ಹೊಲಗಳು, ಕಪ್ಪು ನೆಲ. ಕಣಕಿಯ ಬಣವೆಗಳು ಒಂದಾದ ಮೇಲೊಂದು ಹಿಂದೆ ಸರಿದವು.

ಗಿರಣಿಯ ಗೇಟಿನಲ್ಲಿ ತೋರಿಸಿ ಒಳಗೆ ಹೋಗುವ ಬಿಲ್ಲೆ ಹಿತ್ತಾಳೆಯದು. ಅದರ ಮೇಲೆ ಸಂಖ್ಯೆ ಕೊರೆದಿತ್ತು. ಆ ಸಂಖ್ಯೆಯ ಎದುರು ಗಿರಣಿಯವರ ಬಳಿ ಮಾನಪ್ಪನ ಹೆಸರು. ಮಾನಪ್ಪನಿಗೆ ಕಾಯಂ ಕೆಲಸ ಸಿಕ್ಕಿತ್ತು, ಅವನ ಹಿಂದೆಯೇ ಸೊಲ್ಲಾಪುರಕ್ಕೆ ಹೋದ ಗೆಳೆಯ ಅಮಸಿದ್ದನಿಗೆ ಸಿಗಲಿಲ್ಲ. ಅವನು ಬದಲಿ. ದಿನಾ ನಸುಕಿನಲ್ಲಿ ಗೇಟಿನ ಮುಂದೆ ನಿಲ್ಲುವುದು, ಯಾರಾದರೂ ಬರದಿದ್ದರೆ ಅವರ ಜಾಗಕ್ಕೆ ಒಳಗೆ ಹೋಗುವುದು, ಎಲ್ಲರೂ ಬಂದರೆ ತಿರುಗಿ ಬರುವುದು. ಹತ್ತಿಯ ಧೂಳಿಗೆ ಮಾನಪ್ಪನ ಎದೆ ಕೆಟ್ಟಿತು. ಕೆಮ್ಮು ಹಿಡಿದು ಊರಿಗೆ ಬಂದ. ರೋಗವೆಂದು ಗೊತ್ತಾದರೆ ಹೆಸರು ಹೊಡೆದುಹಾಕುತ್ತಿದ್ದರು. ಬಿಲ್ಲೆಯನ್ನು ಗೆಳೆಯನ ಕೈಗೆ ಕೊಟ್ಟು, ನಾನು ಗುಣವಾಗಿ ಬರುವತನಕ ನೀನೇ ಮಾನಪ್ಪ ಎಂದನಂತೆ. ಹೀಗೆ ಒಬ್ಬರ ಬಿಲ್ಲೆಯ ಮೇಲೆ ಇನ್ನೊಬ್ಬರು ಹೋಗುವುದು ಈ ಸೀಮೆಯವರಿಗೆ ಹೊಸದಾಗಿರಲಿಲ್ಲ. ಸುಗ್ಗಿಗೆ ಅಣ್ಣ ಊರಿಗೆ ಬಂದರೆ ತಮ್ಮ ಹೋಗುತ್ತಿದ್ದ, ಮಾವ ಬಂದರೆ ಅಳಿಯ. ಆದರೆ ಮಾನಪ್ಪ ಗುಣವಾಗಲಿಲ್ಲ. ಕೆಲಸಕ್ಕೆ ಹಚ್ಚುವ ಮುಕ್ಕಾದಮ ಬದಲಾದ. ಹೊಸಬನಿಗೆ ಈ ಮುಖವೇ ಮಾನಪ್ಪ. ಚಾಳಿಗೂ ಖಾನಾವಳಿಗೂ ಇವನೇ ಮಾನಪ್ಪ. ಒಂದು ದಿನ ಊರಿನಲ್ಲಿ ಮಾನಪ್ಪ ಸತ್ತ. ಸೊಲ್ಲಾಪುರದಲ್ಲಿ ಮಾನಪ್ಪ ಮರುದಿನವೂ ಭೋಂಗಾ ಕೂಗಿದಾಗ ಕೆಲಸಕ್ಕೆ ಹೋದ. ಮಣ್ಣಿಗೆ ಬರಲಿಲ್ಲ. ಏನೆಂದು ರಜೆ ಕೇಳುವುದು?

ಗಿರಣಿ ಮುಚ್ಚಿ ಅಪ್ಪ ಊರಿಗೆ ಬಂದ ಮೇಲೆ ಯಾರಾದರೂ ಹಿಂದಿನಿಂದ ಅಮಸಿದ್ದಾ ಎಂದು ಕೂಗಿದರೆ ಕೂಡಲೇ ತಿರುಗುತ್ತಿರಲಿಲ್ಲ. ಎರಡು ಹೆಜ್ಜೆ ನಡೆದು, ಏನೋ ನೆನಪಾದವನಂತೆ ನಿಂತು, ಆಮೇಲೆ ತಿರುಗುತ್ತಿದ್ದ. ಇನ್ನೊಂದು ಅಭ್ಯಾಸವೂ ಅವನ ಜೊತೆ ಬಂದಿತ್ತು. ಮಗ್ಗಖಾತೆಯ ಗದ್ದಲದಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿಯವರು ದನಿಯಿಲ್ಲದೆ ಬರೀ ತುಟಿಯಿಂದ ಮಾತಾಡುತ್ತಾರೆ, ಎದುರಿನವ ತುಟಿಯನ್ನು ಓದಿಕೊಳ್ಳುತ್ತಾನೆ. ಅಪ್ಪ ಮನೆಯಲ್ಲೂ ಹಾಗೇ. ನೀರು ಎಂದು ತುಟಿ ಆಡಿಸುತ್ತಿದ್ದ. ಅವ್ವ ಒಲೆಯ ಕಡೆಯಿಂದ ತಿರುಗದೆ, "ದನಿ ಎಲ್ಲಿ ಒತ್ತಿ ಇಟ್ಟು ಬಂದಿರಿ? ಬಿಡಿಸಿಕೊಂಡ್ ಬರ್ರಿ" ಎನ್ನುತ್ತಿದ್ದಳು. ಸಿದ್ದಾರೂಢ ಮಾತ್ರ ಆ ಮಾತನ್ನು ಬೇಗ ಕಲಿತ. ಕಲಿತದ್ದರಿಂದಲೇ ಫೋಟೋದ ಬಾಯಿ ಅವನನ್ನು ಕಾಡುತ್ತಿತ್ತು. ಅದು ಹಾಡಿನ ಯಾವ ಜಾಗದಲ್ಲಿ ತೆರೆದ ಬಾಯಿ ಎಂದು ಅವನಿಗೆ ಗೊತ್ತಿತ್ತು. ಅಪ್ಪ ಕೊನೆಯ ದಿನಗಳಲ್ಲಿ ಕಟ್ಟೆಯ ಮೇಲೆ ಕುಳಿತು ಹಾಡಿಕೊಳ್ಳುತ್ತಿದ್ದ ಒಂದೇ ಪದ ಅದು. ಅಪ್ಪ ಕಟ್ಟಿದ ಒಂದೇ ಪದ. ನಡುವ ಓಡುವ ಲಾಳಿ ನಾ. ಆ ಕೊನೆಯ ದೀರ್ಘದಲ್ಲಿ ಬಾಯಿ ಹೀಗೆ ತೆರೆಯುತ್ತದೆ. ಅಂಥ ಬಾಯಿಯ ಕೆಳಗೆ ಇನ್ನೊಬ್ಬನ ಹೆಸರು.

ಹೆಸರಿನ ಮೇಲೆ ಇಷ್ಟು ಆಸೆ ಇರಬಾರದು ಎಂಬುದು ಅವನಿಗೆ ತಿಳಿಯದ್ದೇನಲ್ಲ. ಅಜ್ಜಿ ಶಂಕ್ರೆವ್ವನ ತೊಡೆಯ ಮೇಲೆ ತಲೆಯಿಟ್ಟು ಶ್ರಾವಣದ ಪುರಾಣ ಕೇಳಿ ಬೆಳೆದವನು ಅವನು. ಮಠದಲ್ಲಿ ಒಬ್ಬರು ಪದ್ಯ ಓದುತ್ತಿದ್ದರು, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಿದ್ದರು. ಬರೆದ ಶರಣ ಪದ್ಯದ ಕೊನೆಗೆ ತನ್ನ ಹೆಸರನ್ನು ಬಿಟ್ಟು ದೇವರ ಹೆಸರನ್ನು ಇಡುತ್ತಾನೆ, ಓದುವವನು ತನ್ನ ಹೆಸರು ಹೇಳುವುದಿಲ್ಲ, ಅರ್ಥ ಹೇಳುವವನು ಅದನ್ನೂ ಕೇಳಬಾರದು. ಇದನ್ನೆಲ್ಲ ಕೇಳಿ ಅವನ ಕಣ್ಣು ತುಂಬಿ ಬಂದದ್ದಿದೆ. ಹಾಗೆ ತುಂಬಿದ ಕಣ್ಣೇ ಈಗ ಪುಟದ ಕೆಳಗಿನ ಸಣ್ಣ ಅಕ್ಷರದ ಮೇಲೆ ಹುಣ್ಣಾಗಿ ಕೂತಿತ್ತು. ಶರಣರದು ತಾವಾಗಿ ಬಿಟ್ಟ ಹೆಸರು, ಅಪ್ಪನದು ಬಿಡಿಸಿಕೊಂಡ ಹೆಸರು, ಎರಡೂ ಒಂದಲ್ಲ ಎಂದು ತನ್ನ ಪರವಾಗಿ ತಾನೇ ವಾದಿಸಿಕೊಂಡ. ವಾದದಲ್ಲಿ ಗೆದ್ದರೂ ಸಮಾಧಾನವಾಗಲಿಲ್ಲ.

ಏಕೆಂದರೆ ಅದರ ಅಡಿಗೆ ಇನ್ನೊಂದಿತ್ತು. ಶಾಲೆಗೆ ಸೂಟಿ ಇದ್ದಾಗ ಒಮ್ಮೆ ಊರವರೊಬ್ಬರ ಜೊತೆ, ಅಜ್ಜಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು, ಅವನು ಸೊಲ್ಲಾಪುರಕ್ಕೆ ಹೋಗಿದ್ದ. ಅಮಸಿದ್ದ ಎಲ್ಲಿ ಎಂದು ಕೇಳಿದರೆ ಚಾಳಿನಲ್ಲಿ ಯಾರಿಗೂ ಗೊತ್ತಿಲ್ಲ. ಅಂಥವನು ಇಲ್ಲಿ ಇಲ್ಲವೇ ಇಲ್ಲ ಎಂದಳು ನಲ್ಲಿಯ ಹತ್ತಿರದ ಹೆಂಗಸು. ಊರವರು ನಕ್ಕು ಅವನನ್ನು ಗಿರಣಿಯ ಗೇಟಿಗೆ ಕರೆದುಕೊಂಡು ಹೋದರು. ಭೋಂಗಾ ಕೂಗಿ ಜನ ಹೊರಬಂತು. ತಲೆಗೂದಲಿಗೆ, ಹುಬ್ಬಿಗೆ ಬಿಳಿ ಅರಳೆ ಅಂಟಿಕೊಂಡ ಅಪ್ಪನೂ ಬಂದ. ಅವನು ಓಡಿಹೋಗಿ ಅಪ್ಪಾ ಎಂದು ಅಂಗಿ ಹಿಡಿದ. ಆಗಲೇ ಹಿಂದೆ ಮುಕ್ಕಾದಮ ನಿಂತಿದ್ದ. ಎಲೆ ಅಡಿಕೆ ಜಗಿಯುತ್ತ, "ಯಾರೋ ಇಂವ, ಮಾನಪ್ಪಾ? ನಿನಗ ಮಕ್ಕಳಿಲ್ಲ ಅಂತಿದ್ದಿ?" ಎಂದ. ಅಪ್ಪನ ಕೈ ಅವನ ಹೆಗಲ ಮೇಲೆ ಬಿತ್ತು, ಒತ್ತಿತು. ಅಪ್ಪ ಹೇಳಿದ: "ನಮ್ಮೂರ ಅಮಸಿದ್ದನ ಮಗರಿ."

ನಮ್ಮೂರ ಅಮಸಿದ್ದನ ಮಗ. ಅವನು ನೆಲ ನೋಡುತ್ತ ನಿಂತಿದ್ದ. ಅಪ್ಪನ ಹವಾಯಿ ಚಪ್ಪಲಿಯ ಪಟ್ಟಿಗೆ ಪಿನ್ನು ಚುಚ್ಚಿತ್ತು. ಆ ಪಿನ್ನು ಈಗಲೂ ಕಾಣುತ್ತದೆ. ಆ ರಾತ್ರಿ ಅಪ್ಪ ಭಜಿ ಕೊಡಿಸಿದ, ಅವನು ತಿನ್ನಲಿಲ್ಲ. ಆಮೇಲೆ ದೊಡ್ಡವನಾಗಿ ಬಿಲ್ಲೆಯ ಕಥೆಯೆಲ್ಲ ಅರ್ಥವಾದರೂ, ಅರ್ಥವಾದದ್ದು ತಲೆಗೆ, ಹೆಗಲಿಗೆ ಅಲ್ಲ. ಇವನು ನನ್ನವನಲ್ಲ ಎಂದು ಒತ್ತಿದ ಕೈಯ ಭಾರ ಹೆಗಲಿನಲ್ಲಿ ಹಾಗೇ ಉಳಿದಿತ್ತು. ಪುಸ್ತಕದಲ್ಲಿ ಹೆಸರು ತಿದ್ದಿಸಿದರೆ ಅದು ಇಳಿಯಬಹುದು ಎಂದು ಅವನು ನಂಬಿದ್ದ. ನಂಬಿದ್ದೇನೆಂದು ಹೆಂಡತಿಗೂ ಹೇಳಿರಲಿಲ್ಲ.

"ಇಳೀರಿ, ಜೀಪು ಓಣ್ಯಾಗ ಹೋಗಂಗಿಲ್ಲ" ಎಂದ ಶಮಶುದ್ದೀನ.

ಮಾನಪ್ಪನ ಹೆಂಡತಿ ದುರ್ಗವ್ವನ ಮನೆ ಮಣ್ಣಿನ ಮಾಳಿಗೆಯದು. ಬಾಗಿಲಿಗೆ ತಲೆ ಬಗ್ಗಿಸಬೇಕು. ಒಳಗಿನ ಕತ್ತಲೆಗೆ ಕಣ್ಣು ಹೊಂದುವ ಮೊದಲೇ ಅವಳ ದನಿ ಬಂತು. "ಯಾರು, ಸಿದ್ದೂನ? ಅಮಸಿದ್ದನ ಮಗಾ? ಇದೇನೋ ದಾರಿ ತಪ್ಪಿ ಬಂದಿ? ಸಿಂದಗಿ ಏನ್ ಕಾಶಿ ಆತೇನೋ, ಹೋದವ ತಿರುಗಿ ಬರಲಾರದಂಗ?"

"ಕೆಲಸ ಇರತಾವ ಚಿಗವ್ವಾ."

"ಇರತಾವ ಇರತಾವ. ಪುಸ್ತಕದ ಧೂಳ ಜಾಡಸಾಕ ಭಾಳ ಮಂದಿ ಬೇಕು. ಈ ಬಾಯಿ ಯಾರು? ಗಂಡಸರಂಗ ಕೂದ್ಲಾ ಕತ್ತರಿಸ್ಯಾಳ. ಪಾಪ, ಏನರೆ ಹರಕಿ ಇತ್ತೇನೋ."

ಸುನಂದಾಬಾಯಿ ಏನಂದರು ಎಂದು ಸಿದ್ದಾರೂಢನ ಕಡೆ ನೋಡಿದರು. ನಿಮಗೆ ಕೂರಿ ಎನ್ನುತ್ತಿದ್ದಾಳೆ ಎಂದ. ಬಾಗಿಲಲ್ಲಿ ನಿಂತಿದ್ದ ಶಮಶುದ್ದೀನ ಬಾಯಿಗೆ ಟವೆಲು ಹಿಡಿದು, ಬೀಡಿ ಸೇದಿ ಬರುತ್ತೇನೆಂದು ಹೊರಟ. ದುರ್ಗವ್ವ ಕೌದಿ ಹಾಸಿದಳು. ಕಣ್ಣು ಹೊಂದಿದ ಮೇಲೆ ಅವನಿಗೆ ಎದುರು ಗೋಡೆಯಲ್ಲಿ ಅದು ಕಾಣಿಸಿತು. ಗಾಜಿನ ಚೌಕಟ್ಟಿನಲ್ಲಿ ಪುಸ್ತಕದ ಆ ಪುಟದ ಝೆರಾಕ್ಸು. ಎತ್ತಿದ ಕೈ, ತೆರೆದ ಬಾಯಿ. ಗಾಜಿನ ಮೇಲೆ, ಸರಿಯಾಗಿ ಅಪ್ಪನ ಹಣೆ ಇರುವಲ್ಲಿ, ಕುಂಕುಮ. ಪ್ಲಾಸ್ಟಿಕ್ ಹೂವಿನ ಹಾರ. ಊರಿನ ಯಾರೋ ಹೀಗೆ ಕಟ್ಟು ಹಾಕಿಸಿಕೊಟ್ಟಿದ್ದಾರೆಂದು ಅವನು ಕೇಳಿದ್ದ. ಆಮೇಲೆ ಊರಿಗೆ ಬಂದರೂ ಈ ಓಣಿಗೆ ಬಂದಿರಲಿಲ್ಲ. ಕೇಳಿದ್ದಕ್ಕೂ ಕಂಡದ್ದಕ್ಕೂ ಇಷ್ಟು ಅಂತರವಿರುತ್ತದೆ ಎಂದು ಎಣಿಸಿರಲಿಲ್ಲ. ತನ್ನ ಅಪ್ಪ ಇನ್ನೊಬ್ಬಳ ಮನೆಯಲ್ಲಿ ಗಂಡನಾಗಿ ಪೂಜೆಗೊಳ್ಳುತ್ತಿದ್ದ. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ.

ಸುನಂದಾಬಾಯಿ ಚೌಕಟ್ಟನ್ನು ನೋಡಿ ಎದ್ದು ನಿಂತು ಕೈಮುಗಿದರು. ಅದನ್ನು ಕಂಡು ದುರ್ಗವ್ವ ಸೆರಗು ಸರಿಮಾಡಿಕೊಂಡಳು. ಪ್ರಶ್ನೆಗಳು ಶುರುವಾದವು. ಮದುವೆ ಯಾವಾಗ, ಮಾನಪ್ಪ ಗಿರಣಿಗೆ ಯಾಕೆ ಹೋದ, ಅಲ್ಲಿಯ ಸುದ್ದಿ ಏನೇನು ಹೇಳುತ್ತಿದ್ದ. ಸಿದ್ದಾರೂಢ ಪದ್ಯದ ಪಕ್ಕದ ಅರ್ಥಗಾರನಂತೆ ಅತ್ತ ಕೇಳಿ ಇತ್ತ ಹೇಳಿದ, ಇತ್ತ ಕೇಳಿ ಅತ್ತ ಹೇಳಿದ. ಅವನ ದನಿ ಅವನಿಗೇ ಬೇರೆಯವರದೆಂಬಂತೆ ಕೇಳುತ್ತಿತ್ತು. ಮುದುಕಿ ಇದುವರೆಗೆ ಸುಳ್ಳಾಡಿರಲಿಲ್ಲ, ನಿಜವನ್ನೂ ಆಡಿರಲಿಲ್ಲ. ಮುಂದಿನ ಪ್ರಶ್ನೆಗೆ ಸುಳ್ಳಾಡುತ್ತಾಳೆ ಎಂದು ಅವನು ಕಾದ. ಆಡಿದ ಕೂಡಲೇ ತನ್ನ ವಾಕ್ಯವನ್ನು ಹೇಳಿಬಿಡಬೇಕು. ಅವಳ ಸುಳ್ಳು ತನಗೆ ಬೇಕಾಗಿದೆ ಎಂಬುದು ಹೊಳೆದು ಅವನು ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿದ.

ಹಾಡನ್ನು ಅವರೇ ಕಟ್ಟಿದ್ದೇ ಎಂದು ಸುನಂದಾಬಾಯಿ ಕೇಳಿದರು.

"ಹೂಂ ಮತ್ತ. ಅವನs ಕಟ್ಟಿದ್ದು. ಅಗೋ, ಆ ಮೂಲ್ಯಾಗ ಜ್ವಾಳದ ಚೀಲದ ಮ್ಯಾಲೆ ಒರಗಿ ಕುಂತು ಕಟ್ಟಿದ."

ಬಂತು, ಎಂದುಕೊಂಡ ಸಿದ್ದಾರೂಢ. ಅಪ್ಪನ ಒಂದೇ ಪದ, ಅದನ್ನೂ ತೆಗೆದುಕೊಂಡಳು. ಆದರೂ ಅನುವಾದ ಮಾಡಿದ. ಅವರೇ ಕಟ್ಟಿದ್ದಂತೆ, ಎಂದ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದ.

ಹಾಡುತ್ತಿದ್ದಾಗ ಗೇಟಿನ ಮುಂದೆ ಜನವೆಲ್ಲ ನಿಂತು ಕೇಳುತ್ತಿತ್ತೆಂದು ಹಳಬರು ನನಗೆ ಹೇಳಿದ್ದಾರೆ, ಅಷ್ಟು ದೊಡ್ಡ ದನಿಯಂತೆ, ಮನೆಯಲ್ಲೂ ಹಾಗೇ ಹಾಡುತ್ತಿದ್ದರೇ ಎಂದು ಸುನಂದಾಬಾಯಿ ಕೇಳಿದರು.

ದುರ್ಗವ್ವ ಅದನ್ನು ಕೇಳಿಸಿಕೊಂಡು ಸಿದ್ದಾರೂಢನ ಮುಖವನ್ನೇ ನೋಡಿದಳು. "ಹಾಡಾಕ ಉಸಿರು ಎಲ್ಲಿತ್ತೋ ತಮ್ಮಾ ನನ್ನ ಗಂಡಗ? ಒಂದ್ ಸಾಲಿನ ತುದಿ ಮುಟ್ಟೂದ್ರಾಗ ಕೆಮ್ಮು ಬಂದು ನೆಲಾ ಹಿಡೀತಿದ್ದ. ನಿಮ್ಮಪ್ಪ ಹಬ್ಬಕ್ಕ ಬಂದಾಗ ಇಲ್ಲಿ ಎದುರಿಗೆ ಕುಂದ್ರತಿದ್ದ. ಇಂವ ಬರೇ ತುಟಿ ಆಡಸ್ತಿದ್ದ, ಆ ಮಗ್ಗದ ಮಂದಿ ಆಡಸ್ತಾರಲ್ಲ, ಹಂಗ. ನಿಮ್ಮಪ್ಪ ಅದನ್ನ ನೋಡಕೋತ ಹಾಡ್ತಿದ್ದ. ನಾ ರೊಟ್ಟಿ ಬಡಕೋತ ಕೇಳ್ತಿದ್ನಿ. ತುಟಿ ಇಲ್ಲಿ, ದನಿ ಅಲ್ಲಿ. ಒಮ್ಮೊಮ್ಮೆ ರೊಟ್ಟಿ ಹೊತ್ತತಿತ್ತು, ಇಬ್ಬರೂ ಕೂಡೆ ನನಗs ಬೈತಿದ್ರು."

ಸುನಂದಾಬಾಯಿ ಕಾಯುತ್ತಿದ್ದರು. ಸಿದ್ದಾರೂಢನಿಗೆ ಒಮ್ಮೆಗೇ ಕಣ್ಣಿಗೆ ಕಟ್ಟಿದ್ದು ಇಷ್ಟು: ಅಪ್ಪ ಕಟ್ಟೆಯ ಮೇಲೆ ಕುಳಿತು ಅದೊಂದೇ ಪದ ಹಾಡುತ್ತಿದ್ದದ್ದು, ನೀ ಕಟ್ಟಿದ್ದೇನಪ್ಪಾ ಎಂದು ತಾನು ಒಮ್ಮೆಯೂ ಕೇಳದೆ ಹಾಗೇ ತಿಳಿದುಕೊಂಡದ್ದು, ಹಾಡುವಾಗ ಅಪ್ಪನ ಕಣ್ಣು ಎದುರಿನ ಖಾಲಿ ಜಾಗದಲ್ಲಿ, ಒಬ್ಬ ಕುಳಿತ ಮನುಷ್ಯನ ಮುಖವಿರುವ ಎತ್ತರದಲ್ಲಿ ನೆಟ್ಟಿರುತ್ತಿದ್ದದ್ದು.

"ಹೇಳು ಆಕಿಗೆ" ಎಂದಳು ದುರ್ಗವ್ವ. "ಯಾಕ ಗಪ್ಪಾದಿ? ತಡಿ, ಪದಾನs ಅಂತೇನಿ. ಅದನ್ನ ಹೇಳು. ನನಗ ನಿಮ್ಮಪ್ಪನ ದನಿ ಇಲ್ಲ ಮತ್ತ, ನಗಬ್ಯಾಡ."

ಅವಳು ಹಾಡಲಿಲ್ಲ, ಜೋಳ ಬೀಸುವವರು ಅಂದುಕೊಳ್ಳುವಂತೆ, ಏರಿಳಿತವಿಲ್ಲದೆ, ಅಂದಳು.

ನೂಲು ನಿನ್ನದು ನೇಯ್ಗಿ ನಿನ್ನದು
ನಡುವ ಓಡುವ ಲಾಳಿ ನಾ
ಉಟ್ಟವರ್ಯಾರೊ ಹರಿದವರ್ಯಾರೊ
ಬಯಲಕಟ್ಟಿಯ ಗುರುವೆ

ಇಷ್ಟು ಅವನಿಗೆ ಗೊತ್ತಿತ್ತು. ಅಪ್ಪ ಇಲ್ಲಿಗೆ ನಿಲ್ಲಿಸುತ್ತಿದ್ದ. ದುರ್ಗವ್ವ ನಿಲ್ಲಿಸಲಿಲ್ಲ.

ನನ್ನ ಹೆಸರಾಗ ಅವನು ದುಡದಾನೊ
ಅವನ ಉಸಿರಾಗ ನಾ ಹಾಡೇನೊ
ಯಾರು ಇದ್ದರು ಯಾರು ಹ್ವಾದರು
ಬಯಲಕಟ್ಟಿಯ ಗುರುವೆ

"ಇದನ್ನ ನಿಮ್ಮಪ್ಪ ಎಲ್ಲೂ ಹಾಡತಿದ್ದಿಲ್ಲ" ಎಂದಳು. "ಹಾಡಿದ್ರ ಕೆಲಸಾ ಹೋಕ್ಕಿತ್ತು. ಆಮ್ಯಾಲೆ ಕೆಲಸಾನೂ ಹ್ವಾತು, ಆದ್ರೂ ಹಾಡಲಿಲ್ಲ. ನಾ ಕೇಳಿದ್ನಿ ಒಮ್ಮೆ. ಅದು ಅವ ನನಗ ಹೇಳಿದ್ದು ದುರ್ಗೀ, ಮಂದಿಗಲ್ಲ, ಅಂದ."

ಸಿದ್ದಾರೂಢ ಮೊದಲ ನುಡಿಯನ್ನು ಮರಾಠಿಗೆ ತಂದ. ಎರಡನೆಯದಕ್ಕೆ ಬಂದಾಗ, ಇದನ್ನು ಬಿಟ್ಟುಬಿಡಬಹುದು, ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದು ಹೋಯಿತು. ನಡುವೆ ನಿಂದೇನೂ ಸೇರಿಸಬೇಡ ಎಂದಿದ್ದರು ಚನ್ನಬಸಯ್ಯನವರು. ನಡುವೆ ಕಳೆಯುವ ಬಗ್ಗೆ ಏನೂ ಹೇಳಿರಲಿಲ್ಲ. ಅವನು ಒಂದೊಂದೇ ಸಾಲನ್ನು, ಲೋಟದಿಂದ ಲೋಟಕ್ಕೆ ಹಾಲು ಸುರಿಯುವ ಎಚ್ಚರದಲ್ಲಿ, ಹೇಳಿ ಮುಗಿಸಿದ. ಮನೆಯಲ್ಲಿ ಅವರು ಹಾಡುತ್ತಿರಲಿಲ್ಲ, ಅವರಿಗೆ ಉಸಿರಿರಲಿಲ್ಲ ಎಂಬುದನ್ನೂ ಹೇಳಿದ.

ಸುನಂದಾಬಾಯಿಯ ಪೆನ್ನು ನಿಂತಿತು. ಅವರು ದಡ್ಡರಾಗಿರಲಿಲ್ಲ. ಬದಲಿ ಎಂದರೇನು, ಬಿಲ್ಲೆ ಎಂದರೇನು ಎಂದು ಅವರದೇ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. ತೊಡೆಯ ಮೇಲಿನ ಪುಸ್ತಕವನ್ನು ಹಾಳೆ ತಿರುವಿ ಹುಡುಕಿದರು; ಅವರ ಪ್ರತಿ ತಾನಾಗಿ ತೆರೆದುಕೊಳ್ಳಲಿಲ್ಲ. ಫೋಟೋ ಸಿಕ್ಕಿತು. ಅದರಲ್ಲಿ ಅಪ್ಪನ ಗದ್ದ ಸ್ವಚ್ಛವಾಗಿತ್ತು, ಎರಡು ದಿನ ಬೋಳಿಸದ ಬಿಳಿ ಗಡ್ಡವೂ ಕಾಣುತ್ತಿತ್ತು. ಅವನು ಅದನ್ನು ನೋಡಿ ಎಷ್ಟೋ ದಿನವಾಗಿತ್ತು.

ಹಾಗಾದರೆ ಇವರು ಯಾರು, ಎಂದು ಅವರು ಬೆರಳಿಟ್ಟು ಕೇಳಿದರು.

"ಏನ್ ಕೇಳಾಕತ್ತಾಳೋ?"

"ಫೋಟೋದಾಗ ಇರಾಂವ ಯಾರು ಅಂತ ಕೇಳಾಕತ್ತಾರ ಚಿಗವ್ವಾ."

ದುರ್ಗವ್ವ ಗೋಡೆಯ ಕಡೆ ನೋಡಿದಳು. ಹೊರಗೆ ಶಮಶುದ್ದೀನ ಯಾರದೋ ಜೊತೆ ಮಳೆಯ ಮಾತಾಡುತ್ತಿದ್ದ. "ನನ್ನ ಗಂಡಂದು ಒಂದೂ ಫೋಟೋ ಇಲ್ಲೋ ತಮ್ಮಾ. ಮುಖಾ ಹೆಂಗಿತ್ತು ಅಂತ ಓಣ್ಯಾಗಿನ ಹುಡುಗ್ರು ಕೇಳಿದ್ರ ಏನ್ ತೋರಸ್ಲಿ? ಹೆಸರರೆ ಐತೆಲ್ಲ ಅಂತ ಹಾಕೀನಿ. ಅಂವ ಸತ್ತ ಮ್ಯಾಲೂ ಎಷ್ಟ್ ವರ್ಷ ಅಲ್ಲಿ ಮಾನಪ್ಪ ಜೀವಂತ ಇದ್ದ. ನಾ ಊರಾಗ ಮುಂಡಿ, ಸೊಲ್ಲಾಪುರದಾಗ ಮುತ್ತೈದಿ." ಅವಳು ನಕ್ಕಳು, ನಗೆ ಹಲ್ಲಿಲ್ಲದ ಬಾಯಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. "ಯಾರು ಅಂತ ನಾ ಹೇಳಂಗಿಲ್ಲ. ನೀ ಹೇಳು. ಹೇಳಾಕs ಬಂದಿ ಅಂತ ಬಾಗಲಾಗ ತಲಿ ಬಗ್ಗಿಸಿದಾಗs ತಿಳೀತು ನನಗ. ಹೇಳು, ಆಮ್ಯಾಲೆ ಚಾ ಕುಡಿ. ಚೌಕಟ್ಟು ಮಾತ್ರ ಬಿಚ್ಚಂಗಿಲ್ಲ ನಾ."

ಬೆಳಗಿನಿಂದ ತಿರುಗಿಸಿದ ವಾಕ್ಯ ಇತ್ತು. ಅವನು ಬಾಯಿ ತೆರೆದ. ತೇ, ಎಂದ. ಮುಂದಿನ ಎರಡು ಶಬ್ದಗಳು ಜಪದಿಂದ ಸವೆದು ಹೋದಂತೆ ಅಲ್ಲಿರಲಿಲ್ಲ. ಅವುಗಳ ಜಾಗದಲ್ಲಿ ಬೇರೆ ಬಂದವು, ಅವೂ ಅವನವಲ್ಲ.

ಅವರು ನಮ್ಮೂರ ಅಮಸಿದ್ದ, ಎಂದ ಮರಾಠಿಯಲ್ಲಿ. ಪದ ಮಾನಪ್ಪನದು. ದನಿ ಅಮಸಿದ್ದನದು. ಎರಡೂ ಹೆಸರು ಬರೆಯಿರಿ.

ಸುನಂದಾಬಾಯಿ ಬರೆದುಕೊಂಡರು. ಅಮಸಿದ್ದ ಈಗ ಇಲ್ಲವೇ? ಇಲ್ಲ. ಅವರ ಮನೆಯವರು ಯಾರಾದರೂ? ಒಬ್ಬ ಮಗ ಇದ್ದಾನೆ ಎಂದ ಸಿದ್ದಾರೂಢ. ಅವರು ತಲೆಯೆತ್ತಿ ಅವನ ಗದ್ದವನ್ನು ನೋಡಿದರು, ಪುಟವನ್ನು ನೋಡಿದರು, ಮತ್ತೆ ಏನೂ ಕೇಳದೆ ನಿಧಾನವಾಗಿ ಬರೆಯುತ್ತ ಹೋದರು. ಬಾಗಿಲಿಗೆ ಬಂದಾಗ ದುರ್ಗವ್ವ ಅವನನ್ನು ಯಾರ ಮಗನೆಂದು ಕರೆದಿದ್ದಳೆಂದು ನೆನಪಾಗುವಷ್ಟು ಕನ್ನಡ ಅವರಿಗೆ ಇತ್ತೇನೋ.

"ಏನ್ ಹೇಳಿದಿ?" ಎಂದಳು ದುರ್ಗವ್ವ ಒಲೆಯ ಕಡೆಯಿಂದ.

"ನಮ್ಮೂರ ಅಮಸಿದ್ದ ಅಂದ್ನಿ."

"ಹೂಂ. ಅದs ಖರೆ" ಎಂದು ಅವಳು ಒಲೆಗೆ ಹತ್ತಿಕಟ್ಟಿಗೆ ಮುರಿದು ಹಾಕಿದಳು.

ಚಹಾ ಕುದಿಯುವತನಕ ಅವನು ಗೋಡೆಯ ಕಡೆ ನೋಡುತ್ತ ಕುಳಿತ. ನಮ್ಮೂರ ಅಮಸಿದ್ದ. ಬಾಯಿಯಲ್ಲಿ ಆ ಮಾತಿನ ರುಚಿ ಇನ್ನೂ ಇತ್ತು, ಅದಕ್ಕೇ ಬಾಯಿ ಮುಚ್ಚಲು ಮನಸ್ಸಾಗಲಿಲ್ಲ. ಆ ಸಂಜೆ ಗಿರಣಿಯ ಗೇಟಿನ ಮುಂದೆ ಅಪ್ಪ ಅದನ್ನು ತುಟಿಯಲ್ಲಿ ಹೇಳಿರಲಿಲ್ಲ. ದನಿ ಎತ್ತಿ, ಮುಕ್ಕಾದಮನಿಗೆ, ಹಿಂದೆ ಬರುತ್ತಿದ್ದ ಪಾಳಿಯ ಜನಕ್ಕೆಲ್ಲ ಕೇಳುವಂತೆ ಹೇಳಿದ್ದ. ನನ್ನ ಅಣ್ಣನ ಮಗ ಎನ್ನಬಹುದಿತ್ತು, ಊರ ಹುಡುಗ ಎನ್ನಬಹುದಿತ್ತು. ಎಂದಿರಲಿಲ್ಲ. ತಾನು ಇಲ್ಲವೇ ಇಲ್ಲದ ಆ ಊರಿನಲ್ಲಿ ಅಪ್ಪನಿಗೆ ತನ್ನ ಹೆಸರನ್ನು ಗಟ್ಟಿಯಾಗಿ ಅನ್ನುವ ಒಂದು ನೆವ ಸಿಕ್ಕಿತ್ತು, ರೊಟ್ಟಿಯ ಗಂಟು ಹಿಡಿದು ಅಷ್ಟು ದೂರ ಬಂದು ಅಂಗಿ ಜಗ್ಗಿದ ನೆವ. ಹೆಗಲು ಒತ್ತಿದ ಕೈ ಅದಕ್ಕೆ ಆಸರೆ ಹಿಡಿದ ಕೈ. ಸಿದ್ದಾರೂಢ ಆಗ ಚಪ್ಪಲಿಯ ಪಿನ್ನು ನೋಡುತ್ತ ನಿಂತಿದ್ದ. ತಲೆ ಎತ್ತಿದ್ದರೆ, ಹೆಸರು ಅಂದ ಮೇಲೆ ಅಪ್ಪನ ಬಾಯಿ ಹೇಗಿತ್ತು ಎಂದು ಕಾಣುತ್ತಿತ್ತು.

"ತಗೋ, ಆರತೈತಿ" ಎಂದು ದುರ್ಗವ್ವ ಬಶಿಯನ್ನು ಅವನ ಮುಂದೆ ಹಿಡಿದಳು.